ದಹನವೂ ಆಯಿತು, ಸಮಾಧಿಯೂ ಆಯಿತು: ಕ್ರೈಸ್ತರ ‘ಪುನರುತ್ಥಾನ’ ನಂಬಿಕೆ ಹೇಳುವುದೇನು?

ನವದೆಹಲಿ: ಮಾಜಿ ರಕ್ಷಣಾ ಸಚಿವ ಜಾರ್ಜ್ ಫರ್ನಾಂಡಿಸ್ 2019ರ ಜನವರಿ 29ರಂದು ದೆಹಲಿಯಲ್ಲಿ ತೀರಿಕೊಂಡರು. ಅವರಿಗೆ 88 ವರ್ಷವಾಗಿತ್ತು. ಮಂಗಳೂರಿನ ಕ್ಯಾಥೊಲಿಕ್ ಕುಟುಂಬದಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲಿ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿ ಸೇರಿದ್ದರು. ಅಲ್ಲಿನ ರೀತಿ ಒಗ್ಗದೆ ಹೊರಬಂದು ಕಾರ್ಮಿಕ ಚಳವಳಿಗೆ ಹೋದವರು, ಕೊನೆಗೆ ದೆಹಲಿಯ ರಾಜಕಾರಣದಲ್ಲೇ ನೆಲೆಯೂರಿದರು. ಜನವರಿ 31ರಂದು ಲೋಧಿ ರಸ್ತೆಯ ಚಿತಾಗಾರದಲ್ಲಿ ಅವರ ದೇಹದ ದಹನ ನಡೆಯಿತು. ಮರುದಿನ ಪೃಥ್ವಿರಾಜ್ ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಚಿತಾಭಸ್ಮವನ್ನು ಕ್ರೈಸ್ತ ವಿಧಿಯಂತೆ ಹೂಳಲಾಯಿತು.

ಎರಡೆರಡು ಸಂಸ್ಕಾರ ಏಕೆ ಎಂಬ ಪ್ರಶ್ನೆಗೆ ಅವರ ಆಪ್ತರಾಗಿದ್ದ ಜಯಾ ಜೇಟ್ಲಿ ಅಂದೇ ಉತ್ತರ ಕೊಟ್ಟಿದ್ದರು. ಮೊದಲು ದಹನ ಬೇಕೆಂದಿದ್ದ ಜಾರ್ಜ್, ಕೊನೆಯ ದಿನಗಳಲ್ಲಿ ಸಮಾಧಿಯ ಮಾತಾಡಿದ್ದರು. ಹಾಗಾಗಿ ಎರಡೂ ಇಚ್ಛೆಗಳನ್ನು ನೆರವೇರಿಸುತ್ತಿದ್ದೇವೆ ಎಂಬುದು ಅವರ ವಿವರಣೆಯಾಗಿತ್ತು.

ಕುಟುಂಬ ಮತ್ತು ಆಪ್ತರ ಮಟ್ಟಿಗೆ ಅಷ್ಟು ಸಾಕು. ಆದರೆ ಬೂದಿಯನ್ನಾದರೂ ಮಣ್ಣಿಗೆ ಒಪ್ಪಿಸಬೇಕು ಎಂಬ ಆ ಹಟದ ಹಿಂದೆ ಸುಮಾರು ಎರಡು ಸಾವಿರ ವರ್ಷ ಹಳೆಯ ನಂಬಿಕೆಯೊಂದಿದೆ. ಸತ್ತವರು ಒಂದು ದಿನ ದೇಹಸಮೇತ ಎದ್ದು ಬರುತ್ತಾರೆ ಎನ್ನುವ ನಂಬಿಕೆ. ಕನ್ನಡದಲ್ಲಿ ಅದಕ್ಕೆ ‘ಪುನರುತ್ಥಾನ’ ಎನ್ನುತ್ತಾರೆ. ಪ್ರತಿ ವರ್ಷ ಈಸ್ಟರ್ ಬಂದಾಗ ಈ ಪದ ಸುದ್ದಿಗಳಲ್ಲಿ ಕಾಣಿಸುತ್ತದೆ. ಅದರ ಅರ್ಥವೇನು ಎಂದು ಕೇಳಿದರೆ ಬಹಳಷ್ಟು ಮಂದಿ ‘ಯೇಸು ಮತ್ತೆ ಹುಟ್ಟಿ ಬಂದ ದಿನ’ ಎನ್ನುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಪುನರ್ಜನ್ಮ ಬೇರೆ, ಪುನರುತ್ಥಾನ ಬೇರೆ

ಎರಡೂ ‘ಪುನರ್’ನಿಂದ ಆರಂಭವಾಗುವುದರಿಂದ ಗೊಂದಲ ಸಹಜ. ಪುನರ್ಜನ್ಮದಲ್ಲಿ ಆತ್ಮ ಹಳೆಯ ದೇಹ ಬಿಟ್ಟು ಹೊಸ ದೇಹಕ್ಕೆ ಹೋಗುತ್ತದೆ. ಹೆಸರು ಬದಲಾಗುತ್ತದೆ, ತಾಯಿ ತಂದೆ ಬದಲಾಗುತ್ತಾರೆ, ಕರ್ಮದ ಲೆಕ್ಕ ಮಾತ್ರ ಮುಂದುವರಿಯುತ್ತದೆ. ಪುನರುತ್ಥಾನದಲ್ಲಿ ಹೀಗೇನೂ ಇಲ್ಲ. ಮನುಷ್ಯ ಹುಟ್ಟುವುದು ಒಮ್ಮೆ, ಸಾಯುವುದು ಒಮ್ಮೆ. ಅದೇ ವ್ಯಕ್ತಿ, ಅದೇ ಹೆಸರಿನಲ್ಲಿ, ತನ್ನದೇ ದೇಹದಲ್ಲಿ ಏಳುತ್ತಾನೆ. ಇನ್ನೊಂದು ಜನ್ಮದ ಅವಕಾಶ ಇಲ್ಲದ ಕಾರಣ ಈ ಒಂದು ಬದುಕಿನಲ್ಲಿ ಮಾಡಿದ್ದಕ್ಕೆ ಅಂದು ಉತ್ತರ ಕೊಡಬೇಕು. ಅದೇ ಅಂತಿಮ ತೀರ್ಪು.

ಮೋಕ್ಷದ ಕಲ್ಪನೆಗೂ ಇದಕ್ಕೂ ದೂರವಿದೆ. ನಮ್ಮಲ್ಲಿ ಹೆಚ್ಚಿನ ಪಂಥಗಳು ದೇಹವನ್ನು ಕಳಚಿಡಬೇಕಾದ ಬಟ್ಟೆಯಂತೆ ನೋಡುತ್ತವೆ. ಪ್ರಾಚೀನ ಗ್ರೀಸ್‌ನಲ್ಲಿ ಪ್ಲೇಟೊ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಕ್ರೈಸ್ತ ಧರ್ಮದ ಮೂಲ ಬೋಧನೆ ಇದನ್ನು ಒಪ್ಪುವುದಿಲ್ಲ. ದೇಹವೂ ದೇವರ ಸೃಷ್ಟಿ, ಆದ್ದರಿಂದ ರಕ್ಷಣೆ ಎಂಬುದು ದೇಹಕ್ಕೂ ಸಲ್ಲಬೇಕು ಎನ್ನುವುದು ಅದರ ನಿಲುವು. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇನ್ನೂ ಮುಂದೆ ಹೋಗಿ, ಆತ್ಮವೊಂದೇ ಉಳಿದರೆ ‘ನಾನು’ ಉಳಿದಂತಾಗುವುದಿಲ್ಲ ಎಂದು ವಾದಿಸಿದ್ದ.

‘ಆತ್ಮ ಸ್ವರ್ಗಕ್ಕೆ ಹೋಯಿತು, ಅಲ್ಲಿಗೆ ಮುಗಿಯಿತು’ ಎಂದು ಅನೇಕ ಕ್ರೈಸ್ತರೂ ಭಾವಿಸಿದ್ದಾರೆ. ಚರ್ಚ್‌ನ ಬೋಧನೆಯ ಪ್ರಕಾರ ಅದು ಅರ್ಧ ಕಥೆ.

ಇಲ್ಲಿ ನಮ್ಮ ಸುದ್ದಿಮನೆಗಳ ಬಗ್ಗೆಯೂ ಒಂದು ಮಾತು. ಗಣ್ಯರ ಅಂತ್ಯಕ್ರಿಯೆ ಎಂದ ಕೂಡಲೇ ‘ಪಂಚಭೂತಗಳಲ್ಲಿ ಲೀನ’ ಎಂಬ ಶೀರ್ಷಿಕೆ ತಾನಾಗಿ ಬೆರಳ ತುದಿಗೆ ಬಂದುಬಿಡುತ್ತದೆ. ಕ್ರೈಸ್ತರನ್ನು ಹೂಳುವ ಸುದ್ದಿಗೂ ಅದೇ ಬೀಳುತ್ತದೆ. ಲೀನವಾಗುವುದು ಎಂದರೆ ಪ್ರತ್ಯೇಕವಾಗಿ ಉಳಿಯದೇ ಇರುವುದು. ಆ ಸಮಾಧಿಯ ಸುತ್ತ ನಿಂತವರು ಅದೇ ಹೊತ್ತಿಗೆ ಹೇಳುತ್ತಿರುವ ಪ್ರಾರ್ಥನೆ ಇದಕ್ಕೆ ನೇರ ವಿರುದ್ಧ: ಈ ವ್ಯಕ್ತಿ ಈ ವ್ಯಕ್ತಿಯಾಗಿಯೇ ಮರಳಿ ಸಿಗುತ್ತಾನೆ ಎಂಬ ಭರವಸೆ.

ಸಮಾಧಿ ಮಾಡುವವರೆಲ್ಲ ಇದನ್ನೇ ನಂಬುತ್ತಾರೆ ಎಂದೂ ಅಲ್ಲ. ಕರ್ನಾಟಕದ ಓದುಗರಿಗೆ ಲಿಂಗಾಯತರ ಕ್ರಿಯಾಸಮಾಧಿ ಗೊತ್ತು. ದೇಹವನ್ನು ಕುಳಿತ ಭಂಗಿಯಲ್ಲಿ, ಇಷ್ಟಲಿಂಗದೊಂದಿಗೆ ಮಣ್ಣಿಗಿಡುತ್ತಾರೆ. ಅಲ್ಲಿ ವ್ಯಕ್ತಿ ಆಗಲೇ ಲಿಂಗೈಕ್ಯನಾದ. ಇನ್ನು ಕಾಯುವುದು ಏನೂ ಉಳಿದಿಲ್ಲ. ಕ್ರೈಸ್ತರ ಸಮಾಧಿಯಲ್ಲಿ ದೇಹ ಮಲಗಿರುತ್ತದೆ, ಸಾಂಪ್ರದಾಯಿಕವಾಗಿ ಕಾಲು ಪೂರ್ವಕ್ಕೆ, ತಲೆ ಪಶ್ಚಿಮಕ್ಕೆ. ಎದ್ದಾಗ ಮುಖ ಸೂರ್ಯೋದಯದ ಕಡೆಗಿರಲಿ ಎಂದು. ‘ಸಿಮೆಟ್ರಿ’ ಎಂಬ ಪದವೂ ‘ಮಲಗುವ ಜಾಗ’ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಸತ್ತವರು ಅಲ್ಲಿ ನಿದ್ರಿಸುತ್ತಿದ್ದಾರೆ, ಎಬ್ಬಿಸುವವನು ಬರುತ್ತಾನೆ ಎಂಬ ಕಲ್ಪನೆ ಆ ಹೆಸರಿನಲ್ಲೇ ಅಡಗಿದೆ.

ನಂಬಿಕೆ ಎಲ್ಲಿಂದ ಬಂತು?

ಇದು ಯೇಸುವಿನಿಂದ ಶುರುವಾದ ಕಲ್ಪನೆಯಲ್ಲ. ಯೇಸುವಿನ ಕಾಲಕ್ಕೆ ಯೆಹೂದ್ಯರಲ್ಲೇ ಇದರ ಬಗ್ಗೆ ಬಿಸಿ ಚರ್ಚೆ ನಡೆದಿತ್ತು. ಫರಿಸಾಯರು ಸತ್ತವರ ಪುನರುತ್ಥಾನವನ್ನು ನಂಬುತ್ತಿದ್ದರು. ದೇವಾಲಯದ ಪುರೋಹಿತ ವರ್ಗಕ್ಕೆ ಹತ್ತಿರವಿದ್ದ ಸದ್ದುಕಾಯರು ತಳ್ಳಿಹಾಕುತ್ತಿದ್ದರು. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಗ್ರೀಕ್ ಅರಸರ ಆಳ್ವಿಕೆಯಲ್ಲಿ ಧರ್ಮ ಬಿಡದ ಕಾರಣಕ್ಕೆ ಯೆಹೂದ್ಯರನ್ನು ಚಿತ್ರಹಿಂಸೆ ಕೊಟ್ಟು ಕೊಂದಾಗ, ನ್ಯಾಯವಾಗಿ ಬದುಕಿದವರಿಗೆ ಸಿಕ್ಕಿದ್ದು ಇಷ್ಟೇನಾ ಎಂಬ ಪ್ರಶ್ನೆ ಎದ್ದಿತ್ತು. ಕೊಂದವರು ಕಸಿದುಕೊಂಡ ದೇಹವನ್ನು ದೇವರು ಮರಳಿ ಕೊಡುತ್ತಾನೆ ಎಂಬ ಉತ್ತರ ಗಟ್ಟಿಯಾಗಿದ್ದು ಆ ಕಾಲದಲ್ಲೇ. ಅಂದರೆ ಈ ನಂಬಿಕೆಯ ಬೇರಿನಲ್ಲಿರುವುದು ಸಾವಿನ ಭಯಕ್ಕಿಂತ ಹೆಚ್ಚಾಗಿ ಅನ್ಯಾಯದ ವಿರುದ್ಧದ ದೂರು.

ದೆಹಲಿಯಲ್ಲಿ ಈ ನಂಟನ್ನು ಕಣ್ಣಾರೆ ನೋಡಬಹುದು. ಜಾರ್ಜ್ ಅವರ ಚಿತಾಭಸ್ಮವಿರುವ ಪೃಥ್ವಿರಾಜ್ ರಸ್ತೆಯ ಸ್ಮಶಾನದಿಂದ ಖಾನ್ ಮಾರ್ಕೆಟ್ ಕಡೆ ಬಂದರೆ ಹುಮಾಯೂನ್ ರಸ್ತೆಯಲ್ಲಿ ಜೂಡಾ ಹಯಾಮ್ ಸಿನಗಾಗ್ ಸಿಗುತ್ತದೆ. ಅದರ ಪಕ್ಕದಲ್ಲೇ ಯೆಹೂದ್ಯರ ಪುಟ್ಟ ಸ್ಮಶಾನವಿದೆ. ಸತ್ತವರನ್ನು ಎಬ್ಬಿಸುವ ದೇವರ ಸ್ತುತಿ ಯೆಹೂದ್ಯರ ನಿತ್ಯ ಪ್ರಾರ್ಥನೆಯಲ್ಲಿ ಇಂದಿಗೂ ಇದೆ. ಮುಸ್ಲಿಮರ ಕಿಯಾಮತ್ ನಂಬಿಕೆಯೂ ಇದೇ ಕುಟುಂಬಕ್ಕೆ ಸೇರಿದ್ದು.

ಕ್ರೈಸ್ತರು ಇದಕ್ಕೆ ಸೇರಿಸಿದ್ದು ಒಂದು ಘಟನೆಯನ್ನು. ಲೋಕಾಂತ್ಯಕ್ಕೆ ಆಗಬೇಕಾದದ್ದು ಒಬ್ಬನ ವಿಷಯದಲ್ಲಿ ಈಗಾಗಲೇ ಆಗಿಹೋಗಿದೆ ಎಂದರು ಅವರು. ಶುಕ್ರವಾರ ಶಿಲುಬೆಯಲ್ಲಿ ಸತ್ತ ಯೇಸುವಿನ ಸಮಾಧಿ ಭಾನುವಾರ ಬೆಳಿಗ್ಗೆ ಖಾಲಿಯಾಗಿತ್ತು ಎನ್ನುತ್ತವೆ ನಾಲ್ಕೂ ಸುವಾರ್ತೆಗಳು. ಅದನ್ನು ಮೊದಲು ಕಂಡವರು ಮಗ್ದಲದ ಮರಿಯ ಮತ್ತಿತರ ಮಹಿಳೆಯರು. ಈ ಪುನರುತ್ಥಾನವನ್ನು ಲಾಜರನ ಕಥೆಯೊಂದಿಗೆ ಬೆರೆಸಬಾರದು. ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಎಬ್ಬಿಸಿದ ಕಥೆ ಯೋವಾನ್ನನ ಸುವಾರ್ತೆಯಲ್ಲಿದೆ. ಆದರೆ ಲಾಜರ ಮರಳಿದ್ದು ಹಳೆಯ ಬದುಕಿಗೇ, ಮುಂದೊಂದು ದಿನ ಮತ್ತೆ ಸಾಯಬೇಕಾದವನಾಗಿ. ಯೇಸು ಎದ್ದದ್ದು ಇನ್ನು ಸಾವಿಲ್ಲದ ದೇಹದಲ್ಲಿ. ಆ ದೇಹದಲ್ಲಿ ಮೊಳೆಗಳ ಗಾಯ ಉಳಿದಿತ್ತು, ಶಿಷ್ಯರ ಮುಂದೆ ಮೀನು ತಿಂದ, ಆದರೂ ಮುಚ್ಚಿದ ಬಾಗಿಲಿನೊಳಗೆ ಬಂದು ನಿಂತ ಎಂದು ಸುವಾರ್ತೆಗಳು ವರ್ಣಿಸುತ್ತವೆ. ಹಳೆಯ ದೇಹವೇ ಹೌದು, ಆದರೆ ಮೊದಲಿನಂತಿಲ್ಲ.

ಇತಿಹಾಸಕಾರರು ಇದನ್ನು ಒಪ್ಪುತ್ತಾರೆಯೇ? ಯೇಸು ಶಿಲುಬೆಗೇರಿದ್ದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಅವನು ಎದ್ದು ಬಂದನೆಂದು ಶಿಷ್ಯರು ಬಹಳ ಬೇಗನೆ ನಂಬತೊಡಗಿದರು ಎಂಬುದನ್ನೂ ಹೆಚ್ಚಿನವರು ಒಪ್ಪುತ್ತಾರೆ. ಹಾಗೆ ನಂಬಲು ಕಾರಣವೇನು ಎಂಬಲ್ಲಿ ದಾರಿಗಳು ಬೇರೆಯಾಗುತ್ತವೆ. ದುಃಖದಲ್ಲಿ ಕಂಡ ದರ್ಶನವೇ, ದೇಹವನ್ನು ಯಾರಾದರೂ ಸಾಗಿಸಿದ್ದರೇ, ನಿಜವಾಗಿ ಎದ್ದನೇ ಎಂಬುದನ್ನು ಇತಿಹಾಸದ ವಿಧಾನದಿಂದ ತೀರ್ಮಾನಿಸಲು ಆಗುವುದಿಲ್ಲ.

‘ಯಾವ ದೇಹ?’ ಹಳೆಯ ಪ್ರಶ್ನೆ

ಕೊಳೆತು ಮಣ್ಣಾದ ದೇಹ ಎದ್ದು ಬರುವುದು ಹೇಗೆ ಎಂದು ಇಂದು ಕೇಳುವವರು, ಹೊಸ ಪ್ರಶ್ನೆ ಕೇಳುತ್ತಿದ್ದೇವೆ ಎಂದುಕೊಳ್ಳಬೇಕಿಲ್ಲ. ಕ್ರಿಸ್ತಶಕ 50ರ ದಶಕದಲ್ಲೇ ಗ್ರೀಸ್‌ನ ಕೊರಿಂಥ ನಗರದ ಕ್ರೈಸ್ತರು ಅದನ್ನು ಕೇಳಿದ್ದರು. ಅವರಿಗೆ ಪೌಲ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಪೌಲ ಕೊಟ್ಟದ್ದು ರೈತರಿಗೆ ತಕ್ಷಣ ಅರ್ಥವಾಗುವ ಉದಾಹರಣೆ. ಬಿತ್ತುವುದು ಕಾಳನ್ನು, ಬರುವುದು ಪೈರು. ಕಾಳಿನ ರೂಪ ಉಳಿಯುವುದಿಲ್ಲ, ಆದರೆ ಆ ಪೈರು ಬೇರೆ ಯಾವುದೋ ಕಾಳಿನದ್ದಲ್ಲ. ಹೂಳಿದ ದೇಹಕ್ಕೂ ಎದ್ದು ಬರುವ ದೇಹಕ್ಕೂ ಇರುವ ಸಂಬಂಧ ಅಂಥದ್ದು ಎಂದ ಪೌಲ. ಅದೇ ಅಧ್ಯಾಯದಲ್ಲಿ ಅವನು ದೊಡ್ಡ ಪಣವನ್ನೂ ಒಡ್ಡುತ್ತಾನೆ. ಕ್ರಿಸ್ತ ಎದ್ದಿಲ್ಲ ಎಂದಾದರೆ ತನ್ನ ಬೋಧನೆಯೆಲ್ಲ ವ್ಯರ್ಥ, ನಂಬಿದವರು ಮರುಕಕ್ಕೆ ಅರ್ಹರು ಎನ್ನುತ್ತಾನೆ. ತನ್ನ ಧರ್ಮವನ್ನು ಒಂದೇ ಎಳೆಯ ಮೇಲೆ ಹೀಗೆ ತೂಗುಹಾಕಿದ ಬೋಧಕರು ಅಪರೂಪ.

ನಂತರದವರಿಗೆ ಈ ಬೀಜದ ಉಪಮೆ ಸಾಕಾಗಲಿಲ್ಲ. 5ನೇ ಶತಮಾನದಲ್ಲಿ ಸಂತ ಅಗಸ್ಟೀನ್ ‘ದೇವರ ನಗರ’ ಎಂಬ ಬೃಹತ್ ಗ್ರಂಥದ ಕೊನೆಯ ಭಾಗದಲ್ಲಿ ಕೂತು ಒಂದೊಂದೇ ಪ್ರಶ್ನೆ ಬಿಡಿಸುತ್ತಾನೆ. ಕತ್ತರಿಸಿದ ಉಗುರು, ಕೂದಲು ಎಲ್ಲ ಮರಳಿ ಬರುತ್ತವೆಯೇ? ಶಿಶುವಾಗಿದ್ದಾಗಲೇ ಸತ್ತವರು ಯಾವ ವಯಸ್ಸಿನಲ್ಲಿ ಏಳುತ್ತಾರೆ? ನರಭಕ್ಷಕರು ತಿಂದ ಮಾಂಸ ಕೊನೆಗೆ ಯಾರ ದೇಹಕ್ಕೆ ಸೇರುತ್ತದೆ? ಇಂದು ಓದಿದರೆ ಒಮ್ಮೊಮ್ಮೆ ನಗು ಬರುತ್ತದೆ. ಆದರೆ ದೇಹ ಎಂದರೆ ದೇಹವೇ, ಅದು ಅಲಂಕಾರದ ಮಾತಲ್ಲ ಎಂದು ಅವರು ಎಷ್ಟು ಗಂಭೀರವಾಗಿ ನಂಬಿದ್ದರು ಎಂಬುದಕ್ಕೆ ಇದೇ ಪುರಾವೆ.

ಚರ್ಚ್‌ಗಳಲ್ಲಿ ಇಂದು ಹೇಳುವ ವಿಶ್ವಾಸ ಪ್ರಮಾಣಗಳಲ್ಲಿ ಈ ನಂಬಿಕೆಗೆ ಕೊನೆಯ ಸಾಲಿನ ಸ್ಥಾನವಿದೆ. 325ರಲ್ಲಿ ಇಂದಿನ ಟರ್ಕಿಯ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳ ಸಭೆ ಪ್ರಮಾಣದ ಮೊದಲ ರೂಪ ಕೊಟ್ಟಿತು. ಸತ್ತವರ ಪುನರುತ್ಥಾನ ಮತ್ತು ಬರಲಿರುವ ಲೋಕದ ಜೀವವನ್ನು ಹೇಳುವ ಭಾಗ 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಂದಿಗೆ ಗುರುತಿಸಲಾಗುವ ರೂಪದಲ್ಲಿದೆ. ದೆಹಲಿಯ ಗೋಲ್ ಡಾಕ್ ಖಾನಾ ಬಳಿಯ ಸೇಕ್ರೆಡ್ ಹಾರ್ಟ್ ಕ್ಯಾಥೆಡ್ರಲ್‌ನಲ್ಲಿ, ರಾಷ್ಟ್ರಪತಿ ಭವನದ ಹತ್ತಿರದ ಸಿಎನ್‌ಐ ಚರ್ಚ್‌ನಲ್ಲಿ, ಕೇರಳ ಮೂಲದ ಆರ್ಥೊಡಾಕ್ಸ್ ಚರ್ಚ್‌ಗಳಲ್ಲಿ ಭಾಷೆ ಬೇರೆ, ಪೂಜೆಯ ಕ್ರಮ ಬೇರೆ. ಈ ಒಂದು ಸಾಲಿನ ಬಗ್ಗೆ ಮಾತ್ರ ಜಗಳವಿಲ್ಲ.

ಅಲ್ಲಿಯವರೆಗೆ ಸತ್ತವರು ಎಲ್ಲಿರುತ್ತಾರೆ?

ಜಗಳವಿರುವುದು ಇಲ್ಲಿ. ಕ್ಯಾಥೊಲಿಕರ ಪ್ರಕಾರ ಸತ್ತ ಕ್ಷಣವೇ ಪ್ರತಿಯೊಬ್ಬನಿಗೂ ವೈಯಕ್ತಿಕ ತೀರ್ಪಾಗುತ್ತದೆ. ದೇವರ ಕೃಪೆಯಲ್ಲಿ ಸತ್ತರೂ ಪೂರ್ಣ ಶುದ್ಧರಾಗದವರು ಶುದ್ಧೀಕರಣದ ಹಂತ ದಾಟಬೇಕು. ಅದಕ್ಕೆ ಪರ್ಗೆಟರಿ ಎಂದು ಹೆಸರು. ಬದುಕಿರುವವರ ಪ್ರಾರ್ಥನೆಯಿಂದ ಅವರಿಗೆ ನೆರವಾಗುತ್ತದೆ ಎಂಬ ನಂಬಿಕೆಯಿಂದಲೇ ಮಂಗಳೂರು, ಉಡುಪಿ ಕಡೆಯ ಕುಟುಂಬಗಳಲ್ಲಿ ತೀರಿಕೊಂಡವರ ಹೆಸರಿನಲ್ಲಿ ಬಲಿಪೂಜೆ ಹೇಳಿಸುತ್ತಾರೆ. ನವೆಂಬರ್ 2ರ ಸಕಲ ಮೃತರ ದಿನ ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವುದೂ ಇದೇ ಕಾರಣಕ್ಕೆ. ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರು ಪರ್ಗೆಟರಿಯನ್ನು ಒಪ್ಪುವುದಿಲ್ಲ. ಸತ್ತವರು ಕ್ರಿಸ್ತನ ಬಳಿ ಇರುತ್ತಾರೆ ಅಥವಾ ಅಂತಿಮ ದಿನದವರೆಗೆ ನಿದ್ರಿಸುತ್ತಾರೆ ಎನ್ನುತ್ತಾರೆ. ಆರ್ಥೊಡಾಕ್ಸರು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಆದರೆ ಪರ್ಗೆಟರಿ ಎಂಬ ಸಿದ್ಧಾಂತವನ್ನು ಒಪ್ಪಿಲ್ಲ.

ನಿತ್ಯಜೀವ ಎಂಬುದನ್ನೂ ಇಲ್ಲೇ ಬಿಡಿಸಿ ಹೇಳಬೇಕು. ಕೊನೆಯಿಲ್ಲದಷ್ಟು ವರ್ಷ ಬದುಕುವುದು ಎಂದು ಕೇಳಿದರೆ ಯಾರಿಗಾದರೂ ಸುಸ್ತಾಗಬಹುದು. ಯೋವಾನ್ನನ ಸುವಾರ್ತೆ ನಿತ್ಯಜೀವವನ್ನು ವರ್ಷಗಳಲ್ಲಿ ಅಳೆಯುವುದಿಲ್ಲ. ದೇವರನ್ನು ಅರಿತು ಅವನೊಂದಿಗೆ ಬಾಳುವುದೇ ನಿತ್ಯಜೀವ, ಅದು ಸಾವಿಗೆ ಮುಂಚೆ, ಈ ಬದುಕಿನಲ್ಲೇ ಶುರುವಾಗುತ್ತದೆ ಎನ್ನುತ್ತದೆ. ಸಾವು ಅದನ್ನು ಕತ್ತರಿಸಲಾರದು, ಪುನರುತ್ಥಾನದಲ್ಲಿ ಅದು ಪೂರ್ಣವಾಗುತ್ತದೆ ಎಂಬುದು ಬೋಧನೆ.

ಸುಟ್ಟರೆ ಏನಾಗುತ್ತದೆ?

ಈಗ ಜಾರ್ಜ್ ಅವರ ವಿಷಯಕ್ಕೆ ಮರಳೋಣ. ದೇಹ ಏಳಬೇಕು ಎಂದಾದರೆ ಸುಡುವುದು ಹೇಗೆ ಸರಿ?

177ರಲ್ಲಿ ಇಂದಿನ ಫ್ರಾನ್ಸ್‌ನ ಲಿಯಾನ್‌ನಲ್ಲಿ ಕ್ರೈಸ್ತರನ್ನು ಕೊಂದವರು ಶವಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದರು. ಇನ್ನು ಹೇಗೆ ಏಳುತ್ತಾರೆ ನೋಡೋಣ ಎಂಬ ಉದ್ದೇಶ ಅದರ ಹಿಂದಿತ್ತು ಎಂದು ಚರ್ಚ್ ಇತಿಹಾಸಕಾರ ಯುಸೇಬಿಯಸ್ ದಾಖಲಿಸಿದ್ದಾನೆ. ಅಂಥ ಹೀಯಾಳಿಕೆಗೆ ಆ ಕಾಲದ ಕ್ರೈಸ್ತ ಲೇಖಕರ ಉತ್ತರ ಸ್ಪಷ್ಟವಾಗಿತ್ತು. ಶೂನ್ಯದಿಂದ ಸೃಷ್ಟಿಸಿದ ದೇವರಿಗೆ ಬೂದಿಯಿಂದ ಎಬ್ಬಿಸುವುದು ಕಷ್ಟವಲ್ಲ. ನಾವು ಹೂಳುವುದು ಸುಟ್ಟರೆ ನಷ್ಟವಾಗುತ್ತದೆ ಎಂಬ ಭಯದಿಂದಲ್ಲ, ಅದು ಹಳೆಯ ಒಳ್ಳೆಯ ಪದ್ಧತಿ ಎಂಬ ಕಾರಣಕ್ಕೆ ಎಂದರು ಅವರು. ಹಾಗಾಗಿ ‘ಸುಟ್ಟರೆ ಪುನರುತ್ಥಾನವಿಲ್ಲ’ ಎಂಬುದು ಮೊದಲಿಂದಲೂ ಚರ್ಚ್‌ನ ಬೋಧನೆಯಾಗಿರಲಿಲ್ಲ.

ಆದರೂ ಶತಮಾನಗಳ ಕಾಲ ದಹನಕ್ಕೆ ನಿಷೇಧವಿತ್ತು. 8ನೇ ಶತಮಾನದಲ್ಲಿ ಚಕ್ರವರ್ತಿ ಶಾರ್ಲಮೇನ್ ತಾನು ಗೆದ್ದ ಸ್ಯಾಕ್ಸನರಲ್ಲಿ ಶವ ಸುಟ್ಟವರಿಗೆ ಮರಣದಂಡನೆಯನ್ನೇ ವಿಧಿಸಿದ್ದ. 19ನೇ ಶತಮಾನದ ಯುರೋಪಿನಲ್ಲಿ ಚರ್ಚ್ ವಿರೋಧಿ ಗುಂಪುಗಳು ಪುನರುತ್ಥಾನವನ್ನು ಅಣಕಿಸಲೆಂದೇ ದಹನವನ್ನು ಪ್ರಚಾರ ಮಾಡತೊಡಗಿದಾಗ, 1886ರಲ್ಲಿ ವ್ಯಾಟಿಕನ್ ಅದನ್ನು ನಿಷೇಧಿಸಿತು. ಸಡಿಲಿಸಿದ್ದು 1963ರಲ್ಲಿ. ಆಂಗ್ಲಿಕನ್ನರು ಅದಕ್ಕೂ ಮೊದಲೇ ಒಪ್ಪಿಕೊಂಡಿದ್ದರು. 1944ರಲ್ಲಿ ತೀರಿಕೊಂಡ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಅವರ ದೇಹವನ್ನೇ ದಹನ ಮಾಡಲಾಗಿತ್ತು. ಆರ್ಥೊಡಾಕ್ಸ್ ಚರ್ಚ್‌ಗಳು ಮಾತ್ರ ಸಾಮಾನ್ಯವಾಗಿ ಈಗಲೂ ಒಪ್ಪುವುದಿಲ್ಲ.

ಕ್ಯಾಥೊಲಿಕರಿಗೆ ಈಗಿರುವ ನಿಯಮ 2016ರ ಅಕ್ಟೋಬರ್‌ನಲ್ಲಿ ಪ್ರಕಟವಾದ ವ್ಯಾಟಿಕನ್ ಸೂಚನೆಯದ್ದು. ಹೂಳುವುದೇ ಒಳ್ಳೆಯದು, ದಹನಕ್ಕೆ ಅಡ್ಡಿಯಿಲ್ಲ. ಆದರೆ ಬೂದಿಯನ್ನು ಸ್ಮಶಾನ ಅಥವಾ ಚರ್ಚ್‌ನಂಥ ಪವಿತ್ರ ಜಾಗದಲ್ಲೇ ಇಡಬೇಕು. ಮನೆಯಲ್ಲಿ ಇಟ್ಟುಕೊಳ್ಳಬಾರದು, ನದಿಗೋ ಗಾಳಿಗೋ ಬಿಡಬಾರದು, ಆಭರಣದೊಳಗೆ ಸೇರಿಸಬಾರದು, ಮನೆಯವರು ಹಂಚಿಕೊಳ್ಳಬಾರದು. ಕಾರಣ ಸರಳ: ಚದುರಿಸಿದರೆ ಆ ವ್ಯಕ್ತಿ ಪ್ರಕೃತಿಯಲ್ಲಿ ಕರಗಿಹೋದ ಎಂಬ ಅರ್ಥ ಬರುತ್ತದೆ, ಚರ್ಚ್ ಹೇಳುವುದು ಅದಲ್ಲ. 2023ರ ಡಿಸೆಂಬರ್‌ನಲ್ಲಿ ಒಂದಿಷ್ಟು ಸಡಿಲಿಕೆ ಬಂತು. ಹಲವರ ಬೂದಿಯನ್ನು ಒಂದೇ ಪವಿತ್ರ ಜಾಗದಲ್ಲಿ ಒಟ್ಟಿಗೆ ಇಡಬಹುದು, ಪ್ರತಿಯೊಬ್ಬರ ಹೆಸರೂ ಅಲ್ಲಿ ದಾಖಲಾಗಿರಬೇಕು. ಹೆಸರು ಕಳೆದುಹೋಗಬಾರದು ಎಂಬ ಕಾಳಜಿ ಅಲ್ಲೂ ಇದೆ. ಈ ನಿಯಮಗಳನ್ನು ಮಂಜೂರು ಮಾಡಿದ ಪೋಪ್ ಫ್ರಾನ್ಸಿಸ್ 2025ರ ಏಪ್ರಿಲ್ 21ರಂದು, ಈಸ್ಟರ್‌ನ ಮರುದಿನ ತೀರಿಕೊಂಡರು. ಅವರನ್ನು ರೋಮ್‌ನ ಸೇಂಟ್ ಮೇರಿ ಮೇಜರ್ ಬೆಸಿಲಿಕಾದ ನೆಲದೊಳಗೆ ಹೂಳಲಾಯಿತು. ಸಮಾಧಿಯ ಮೇಲೆ ಇರುವುದು ಹೆಸರೊಂದೇ.

ಜಾರ್ಜ್ ಅವರಲ್ಲಿ ಈ ನಂಬಿಕೆ ಎಷ್ಟು ಉಳಿದಿತ್ತು ಎಂಬುದು ಅವರ ಖಾಸಗಿ ವಿಷಯ. ಆದರೆ ಅವರ ಚಿತಾಭಸ್ಮ ಯಮುನೆಗೆ ಹೋಗದೆ ಪೃಥ್ವಿರಾಜ್ ರಸ್ತೆಯ ಮಣ್ಣಿಗೆ ಸೇರಿದ್ದು ಈ ನಿಯಮಕ್ಕೆ ಹೊಂದುತ್ತದೆ. ಕೇಂದ್ರದ ಇನ್ನೊಬ್ಬ ಮಾಜಿ ಸಚಿವ, ಉಡುಪಿಯ ಆಸ್ಕರ್ ಫರ್ನಾಂಡಿಸ್ 2021ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರನ್ನು ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ವಾಡಿಕೆಯಂತೆ ಹೂಳಲಾಯಿತು. ಕರಾವಳಿಯ ಇಬ್ಬರು ಫರ್ನಾಂಡಿಸರದ್ದು ಎರಡು ದಾರಿ. ಚರ್ಚ್‌ನ ದೃಷ್ಟಿಯಲ್ಲಿ ಇಬ್ಬರೂ ಕಾಯುತ್ತಿರುವುದು ಒಂದೇ ದಿನಕ್ಕೆ.

ದೆಹಲಿಯಲ್ಲಿ ಮಲಗಲು ಜಾಗ

2011ರ ಜನಗಣತಿ ಪ್ರಕಾರ ದೆಹಲಿಯಲ್ಲಿ ಕ್ರೈಸ್ತರು ಸುಮಾರು 1.46 ಲಕ್ಷ. ಜನಸಂಖ್ಯೆಯ ಶೇ 0.87ರಷ್ಟು. ಕೇರಳ, ಜಾರ್ಖಂಡ್, ಈಶಾನ್ಯ ರಾಜ್ಯಗಳು, ಪಂಜಾಬ್, ತಮಿಳುನಾಡು, ಕರಾವಳಿ ಕರ್ನಾಟಕದಿಂದ ಕೆಲಸಕ್ಕೆ ಬಂದು ಉಳಿದವರೇ ಇವರಲ್ಲಿ ಬಹಳ. ಊರಿನಲ್ಲಿದ್ದರೆ ಅಜ್ಜ ಅಜ್ಜಿಯರ ಪಕ್ಕದಲ್ಲಿ ಜಾಗ ಇರುತ್ತಿತ್ತು. ಇಲ್ಲಿ ಹುಡುಕಬೇಕು.

ನಗರದ ಹಳೆಯ ಸ್ಮಶಾನಗಳು ಬ್ರಿಟಿಷರ ಕಾಲದವು. ಕಾಶ್ಮೀರಿ ಗೇಟ್ ಬಳಿಯ ನಿಕಲ್ಸನ್ ಸ್ಮಶಾನಕ್ಕೆ 1857ರ ಯುದ್ಧದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಯ ಹೆಸರಿದೆ. ಹತ್ತಿರದಲ್ಲೇ 1836ರಲ್ಲಿ ಪ್ರತಿಷ್ಠಾಪನೆಯಾದ ಸೇಂಟ್ ಜೇಮ್ಸ್ ಚರ್ಚ್. ಅದನ್ನು ಕಟ್ಟಿಸಿದ ಜೇಮ್ಸ್ ಸ್ಕಿನ್ನರ್ 1841ರಲ್ಲಿ ಹಾಂಸಿಯಲ್ಲಿ ತೀರಿಕೊಂಡಾಗ ಮೊದಲು ಅಲ್ಲೇ ಹೂಳಿ, ಆಮೇಲೆ ದೇಹವನ್ನು ದೆಹಲಿಗೆ ತಂದು ತನ್ನದೇ ಚರ್ಚ್‌ನೊಳಗೆ ಮತ್ತೆ ಹೂಳಲಾಯಿತು. ಬಲಿಪೀಠದ ಹತ್ತಿರ ಮಲಗಬೇಕು ಎಂಬ ಆಸೆ ಅಂದಿನ ಸಿರಿವಂತ ಕ್ರೈಸ್ತರಲ್ಲಿ ಸಾಮಾನ್ಯವಾಗಿತ್ತು. ಇಂದು ನಗರದ ನಡುವಿನ ಪಹಾಡ್‌ಗಂಜ್, ಪೃಥ್ವಿರಾಜ್ ರಸ್ತೆಯಂಥ ಸ್ಮಶಾನಗಳಲ್ಲಿ ಹೊಸ ಗುಂಡಿಗೆ ಜಾಗ ಸಿಗುವುದೇ ಕಷ್ಟ. ಕುಟುಂಬದ ಹಳೆಯ ಸಮಾಧಿಯನ್ನೇ ತೆರೆದು, ಮೊದಲಿನವರ ಎಲುಬುಗಳ ಮೇಲೆ ಇನ್ನೊಬ್ಬರನ್ನು ಮಲಗಿಸುವುದು ರೂಢಿಯಾಗಿದೆ. ಹೊಸಬರು ಬುರಾಡಿಯಂಥ ನಗರದಂಚಿನ ಸ್ಮಶಾನಗಳತ್ತ ಹೋಗುತ್ತಾರೆ.

ಹಳೆಯ ಸಮಾಧಿ ತೆರೆಯುವುದು ನಂಬಿಕೆಗೆ ಧಕ್ಕೆಯಲ್ಲವೇ ಎಂದು ಕೇಳುವವರಿದ್ದಾರೆ. ಸಿದ್ಧಾಂತದ ಪ್ರಕಾರ ಅಲ್ಲ. ಯುರೋಪಿನಲ್ಲಿ ಮಧ್ಯಯುಗದಿಂದಲೂ ಎಲುಬುಗಳನ್ನು ಎತ್ತಿ ಬೇರೆ ಕೋಣೆಗಳಲ್ಲಿ ಜೋಡಿಸಿಟ್ಟು ಗುಂಡಿಯನ್ನು ಮರಳಿ ಬಳಸಿದ್ದಾರೆ. ಮುಂಬೈನ ಚರ್ಚ್‌ಗಳಲ್ಲೂ ಕೆಲ ಸಮಯದ ನಂತರ ಎಲುಬುಗಳನ್ನು ಗೋಡೆಯ ಗೂಡುಗಳಿಗೆ ಸೇರಿಸುವ ಪದ್ಧತಿ ಇದೆ. ಸಿದ್ಧಾಂತ ಒಂದು ಹೇಳಿದರೂ, ತಂದೆಯ ಸಮಾಧಿ ಅಗೆಯುವ ಸದ್ದನ್ನು ನಿಂತು ಕೇಳುವ ಮಗಳ ಸಂಕಟ ಇನ್ನೊಂದು. ದೇವಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚು ಪುಟಗಳಿಲ್ಲ.

ಕೋವಿಡ್ ಈ ಬಿಕ್ಕಟ್ಟನ್ನು ದೇಶದೆಲ್ಲೆಡೆ ಹೊರಗೆಳೆಯಿತು. 2020ರ ಮಾರ್ಚ್‌ನಲ್ಲಿ ಮುಂಬೈ ಪಾಲಿಕೆ, ಯಾವ ಧರ್ಮದವರಾದರೂ ಕೋವಿಡ್‌ನಿಂದ ಸತ್ತರೆ ದಹನವೇ ಎಂದು ಆದೇಶಿಸಿ, ಅಂದೇ ಹಿಂದೆಗೆದುಕೊಂಡಿತ್ತು. ಅದೇ ಜುಲೈನಲ್ಲಿ ಕೇರಳದ ಆಲಪ್ಪುಳ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯ, ಚರ್ಚ್ ಸ್ಮಶಾನದ ಆವರಣದಲ್ಲೇ ದಹನ ಮಾಡಿ ಬೂದಿಯನ್ನು ಅಲ್ಲೇ ಹೂಳಲು ಒಪ್ಪಿತು. ಜಾರ್ಜ್ ಅವರಿಗೆ ಒಂದೂವರೆ ವರ್ಷ ಹಿಂದೆ ನಡೆದದ್ದೂ ಇದೇ ಕ್ರಮ, ಅಲ್ಲಿ ಇಚ್ಛೆಯಿಂದ, ಇಲ್ಲಿ ಅನಿವಾರ್ಯದಿಂದ.

ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ದೇಹ

ಜಾಗದ ಕೊರತೆ ಒಂದು ಸಮಸ್ಯೆ. ಜಾಗವಿದ್ದೂ ಬಿಡದಿರುವುದು ಇನ್ನೊಂದು. 2025ರ ಜನವರಿ 7ರಂದು ಛತ್ತೀಸ್‌ಗಢದ ಬಸ್ತರ್ ಜಿಲ್ಲೆಯ ಛಿಂದವಾಡ ಗ್ರಾಮದಲ್ಲಿ ಪಾದ್ರಿಯೊಬ್ಬರು ತೀರಿಕೊಂಡರು. ಊರಿನ ಸ್ಮಶಾನದಲ್ಲಿ ಕುಟುಂಬದ ಹಿರಿಯರ ಸಮಾಧಿಗಳಿದ್ದವು. ಕ್ರೈಸ್ತರನ್ನು ಅಲ್ಲಿ ಹೂಳಲು ಬಿಡುವುದಿಲ್ಲ ಎಂದು ಗ್ರಾಮಸ್ಥರು ಅಡ್ಡ ನಿಂತರು. ಹೈಕೋರ್ಟ್ ಅರ್ಜಿ ತಳ್ಳಿಹಾಕಿತು. ಮಗ ದೆಹಲಿಗೆ, ಸುಪ್ರೀಂ ಕೋರ್ಟ್‌ಗೆ ಬಂದರು. ಅಷ್ಟು ದಿನವೂ ತಂದೆಯ ದೇಹ ಶವಾಗಾರದಲ್ಲಿತ್ತು.

ಜನವರಿ 27ರಂದು ಬಂದ ತೀರ್ಪಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಬೇರೆಯಾಯಿತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಕುಟುಂಬದ ಸ್ವಂತ ಕೃಷಿ ಜಮೀನಿನಲ್ಲಿ ಹೂಳಲು ಅವಕಾಶ ಕೊಡಬೇಕು ಎಂದರು. ಸ್ಥಳೀಯ ಆಡಳಿತದ ನಡೆಯನ್ನು ತಾರತಮ್ಯವೆಂದು ಟೀಕಿಸಿದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ, ಇಂಥ ಜಾಗದಲ್ಲೇ ಹೂಳಬೇಕೆಂಬ ಹಕ್ಕು ಪರಿಪೂರ್ಣವಲ್ಲ, 20ರಿಂದ 25 ಕಿ.ಮೀ. ದೂರದ ಕರ್ಕಾಪಾಲ್‌ನಲ್ಲಿ ಕ್ರೈಸ್ತರಿಗೆ ಗೊತ್ತುಪಡಿಸಿದ ಸ್ಮಶಾನವಿದೆ ಎಂದರು. ಭಿನ್ನ ತೀರ್ಪು ಬಂದಾಗ ಪ್ರಕರಣ ದೊಡ್ಡ ಪೀಠಕ್ಕೆ ಹೋಗುವುದು ವಾಡಿಕೆ. ಹಾಗೆ ಮಾಡಿದರೆ ದೇಹ ಇನ್ನಷ್ಟು ದಿನ ಶವಾಗಾರದಲ್ಲೇ ಉಳಿಯುತ್ತದೆ ಎಂಬ ಕಾರಣಕ್ಕೆ ಇಬ್ಬರೂ ಸಂವಿಧಾನದ 142ನೇ ವಿಧಿಯನ್ನು ಬಳಸಿ, ಕರ್ಕಾಪಾಲ್‌ನಲ್ಲೇ ಹೂಳಲು ನಿರ್ದೇಶಿಸಿದರು.

ಪುನರುತ್ಥಾನದ ಸಿದ್ಧಾಂತಕ್ಕೆ ಈ 25 ಕಿ.ಮೀ. ಏನೂ ಅಲ್ಲ. ರೋನ್ ನದಿಯ ಬೂದಿಯನ್ನು ಒಟ್ಟುಗೂಡಿಸುವ ದೇವರಿಗೆ ಕರ್ಕಾಪಾಲ್ ದೂರವಾಗುವುದಿಲ್ಲ. ಆದರೆ ಆ ಮಗ ಕೋರ್ಟಿನಲ್ಲಿ ಕೇಳಿದ್ದು ಸಿದ್ಧಾಂತವನ್ನಲ್ಲ, ತನ್ನವರ ಪಕ್ಕದಲ್ಲಿ ತಂದೆಗೆ ಆರಡಿ ನೆಲ. ರಾಜ್ಯದಾದ್ಯಂತ ಕ್ರೈಸ್ತರ ಸ್ಮಶಾನಕ್ಕೆ ಜಾಗ ಗುರುತಿಸಬೇಕು ಎಂದು ಪೀಠ ಛತ್ತೀಸ್‌ಗಢ ಸರ್ಕಾರಕ್ಕೆ ಸೂಚಿಸಿತು. ಅದಕ್ಕೆ ಕೊಟ್ಟ ಗಡುವು ಎರಡು ತಿಂಗಳು.